ಅಂಗೈ ಇಟ್ಟು ನೋಡಿದ ಮೋಟಾರ್

ಮಣಲ್‌ತುರೈ
೧೧-೧೦-೧೯೮೮, ಮಂಗಳವಾರ

ಪ್ರೀತಿಯ ಮಾವಾ,

ಯೇಸುವಿಗೆ ಸ್ತೋತ್ರ. ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಕೆ ಬಂದರೆ ಲಿಲ್ಲಿ ಅತ್ತಿಗೆಯ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀರಂತೆ. ಹಾಗೆ ಮಾಡಬೇಡಿ, ಗಾಯವಾದರೆ ಒಳಗೇ ಕೀವಾಗುತ್ತದೆ. ರಾತ್ರಿ ಜ್ವರ ಬರುತ್ತಿಲ್ಲ ತಾನೆ? ತೂತ್ತುಕುಡಿಯ ಮೀನಿಗೆ ರುಚಿಯಿಲ್ಲ ಎಂದು ಮಗಳ ಮನೆಯಲ್ಲಿ ಕೂತು ಮಗಳನ್ನೇ ಬೈಯುತ್ತಿದ್ದೀರಿ ಎಂದೂ ಸುದ್ದಿ ಬಂತು. ಇಲ್ಲಿ ಮಕ್ಕಳು ಚೆನ್ನಾಗಿವೆ. ಕಿರಿಯವಳಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ.

ನಮ್ಮ ದೋಣಿಯ ಹಳೆಯ ಮೋಟಾರ್ ಇನ್ನು ಏಳುವುದಿಲ್ಲ ಎಂದು ಮೆಕ್ಯಾನಿಕ್ ಕೈಚೆಲ್ಲಿದ ಮೇಲೆ ಇಲ್ಲಿ ನಡೆಯುತ್ತಿರುವ ರಾದ್ಧಾಂತವನ್ನು ಕ್ಲೀಟಸ್ ನಿಮಗೆ ಆಗಲೇ ಬರೆದಿರಬೇಕು. ದೋಣಿಗೆ ಬಲೆ ಎಳೆಯಲು ಬರುವವನು ಅವನು, ಆದರೆ ಮಾತು ಕೇಳಿದರೆ ದೋಣಿಯೇ ಅವನದು. ಹೋದ ಗುರುವಾರ ಎರಡು ಕಂಪನಿಯ ಏಜೆಂಟರೂ ಒಂದೇ ದಿನ ಬಂದಿಳಿದರು. ಕರಿ ಮೋಟಾರಿನವನು ಕ್ಯಾಲೆಂಡರ್ ಹಂಚಿದ, ನೀಲಿ ಮೋಟಾರಿನವನು ಟೋಪಿ ಹಂಚಿದ. ನಮ್ಮ ಗಂಡಸರು ಎರಡನ್ನೂ ಇಸಿದುಕೊಂಡರು. ಇಗರ್ಜಿಯ ಮುಂದೆ ಡ್ರಮ್ಮಿನಲ್ಲಿ ನೀರು ತುಂಬಿ ಎರಡನ್ನೂ ಓಡಿಸಿ ತೋರಿಸಿದರು. ಕರಿಯದು ನಿಜಕ್ಕೂ ನಯ, ಓಡುತ್ತಿದೆಯೋ ಇಲ್ಲವೋ ಎನ್ನುವ ಹಾಗೆ. ನಮ್ಮ ದಡದಲ್ಲಿ ಹದಿನಾಲ್ಕು ದೋಣಿಗೆ ಅದೇ ಇದೆ. ನೀಲಿಯದು ಗಡಗಡ ಎಂದು ಡ್ರಮ್ಮನ್ನೇ ಕುಣಿಸಿತು. "ಲೇ ಸ್ಟೆಲ್ಲಸ್, ಇದು ಮೋಟಾರೋ ಮೆಣಸು ಅರೆಯೋ ಮಿಷನ್ನೋ? ಸಂಜೆ ಹೊತ್ತಿಗೆ ನಮ್ ಹಲ್ಲೆಲ್ಲ ಕೈಗೆ ಬರ್ತವೆ" ಎಂದು ಕ್ಲೀಟಸ್ ನಿಮ್ಮ ಮಗನಿಗೆ ಅಂದದ್ದಕ್ಕೆ ಮೀನು ಮಾರುವ ಹೆಂಗಸರೂ ನಕ್ಕರು, ನಾನೂ ನಕ್ಕೆ. ಆದರೆ ಇವರು ನೀಲಿಯದೇ ಬೇಕೆಂದು ಹಟ ಹಿಡಿದರು. ಒಂದು ವಾರ ಓಡಿಸಿ ನೋಡಿ, ಮುಂದಿನ ವಾರದ ಶನಿವಾರ ಬರುತ್ತೇನೆ ಎಂದು ಏಜೆಂಟ್ ಅದನ್ನು ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದಾನೆ. ದೋಣಿ ನಿಮ್ಮದು, ಕೊನೆಯ ಮಾತೂ ನಿಮ್ಮದೇ ಎಂದು ಎಲ್ಲರೂ ಕಾಯುತ್ತಿದ್ದಾರೆ.

ಮಾವಾ, ನನ್ನ ನಗು ಅಲ್ಲೇ ನಿಂತುಹೋಯಿತು. ಮೋಟಾರ್ ಓಡುವಾಗ ಗಂಡಸರೆಲ್ಲ ತಲೆ ಓರೆ ಮಾಡಿ ಕಿವಿಗೊಟ್ಟು ಕೇಳುತ್ತಿದ್ದರು. ಇವರೊಬ್ಬರು ಮಾತ್ರ ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಕರಿಯದರ ಮೇಲೂ ಇಟ್ಟರು, ಮುಖ ಸಪ್ಪಗಾಯಿತು. ನೀಲಿಯದರ ಮೇಲೆ ಇಟ್ಟಾಗ ಮುಖ ಅರಳಿತು. ಈಸ್ಟರಿಗೆ ಮುಂಚೆ ತಪಸ್ಸುಕಾಲದಲ್ಲಿ ಇವರಿಗೆ ಬಂದಿದ್ದ ಆ ಕೆಟ್ಟ ಜ್ವರ ಬಿಟ್ಟ ಮೇಲೆ ನಾನು ಕಂಡೂ ಕಾಣದ ಹಾಗಿದ್ದದ್ದೆಲ್ಲ ಆಗ ಒಟ್ಟಿಗೆ ಕಣ್ಣ ಮುಂದೆ ಬಂತು. ಇಗರ್ಜಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆದರೆ ಇವರು ಮೊದಲು ಪಕ್ಕದವನನ್ನು ನೋಡಿ ಆಮೇಲೆ ತಲೆಯ ಬಟ್ಟೆ ತೆಗೆಯುತ್ತಾರೆ. ಮಗು ಬೆನ್ನ ಹಿಂದೆ ಅತ್ತರೆ ತಿರುಗುವುದಿಲ್ಲ. ನಾನು ಏನಾದರೂ ಕೇಳಿದರೆ ನನ್ನ ತುಟಿ ನೋಡುತ್ತಾರೆ. ಹೌದು ಮಾವಾ, ನಿಮ್ಮ ಮಗನಿಗೆ ಕಿವಿ ಕೇಳುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಏನು ಉಳಿದಿದೆಯೋ ದೇವರೇ ಬಲ್ಲ.

ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಿಲ್ಲ. ಅಂದಿನಿಂದ ನಾನು ಎಲ್ಲವನ್ನೂ ಕಿರುಚಿಯೇ ಹೇಳುತ್ತೇನೆ, ಊಟಕ್ಕೆ ಬನ್ನಿ ಎನ್ನುವುದನ್ನೂ. ಕೇರಿಯವರು ನನ್ನನ್ನು ಬಜಾರಿ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಭಾನುವಾರ ಪೂಜೆ ಮುಗಿಸಿ ಬರುವಾಗ ಪಕ್ಕದ ಮನೆಯ ರೋಸಿಲಿ ಅಕ್ಕ ನನ್ನ ಕೈ ಹಿಡಿದು, "ಗಂಡನ್ನ ಹಿಂಗ್ ಬೈಬಾರ್ದು ಕಣೇ ಫ್ಲೋರಿ, ಪಾಪ, ಒಂದ್ ಮಾತು ತಿರುಗಿ ಆಡಲ್ಲ ಅವ್ನು" ಅಂದಳು. ಆಗಲಕ್ಕಾ ಅಂದೆ. ಬಜಾರಿ ಅಂದರೆ ಅನ್ನಲಿ, ನನಗೇನು.

ಆದರೆ ಶನಿವಾರ ನಡೆದದ್ದನ್ನು ನಿಮಗೆ ಬರೆಯಲೇಬೇಕು. ಅಲೆ ಇನ್ನೂ ತಗ್ಗಿಲ್ಲ. ದಡಕ್ಕೆ ಬರುವಾಗ ಮುಂದೆ ಕೂತವನು ಎತ್ತು ಎಂದ ಕೂಡಲೇ ಹಿಂದಿನವನು ಮೋಟಾರನ್ನು ನೀರಿನಿಂದ ಎತ್ತಬೇಕು, ಇಲ್ಲದಿದ್ದರೆ ಅದರ ತುದಿಯಲ್ಲಿ ತಿರುಗುವ ಫ್ಯಾನು ಮರಳಿಗೆ ಕಚ್ಚಿ ದೋಣಿ ಮಗುಚುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕೆ? ಮುಂದೆ ಕೂತಿದ್ದವನು ನನ್ನ ತಮ್ಮ ಜೆಲಾಸ್ಟಿನ್. ಅವನು ಎತ್ತು ಎಂದು ಕೂಗಿದ್ದು ದಡದಲ್ಲಿ ಬುಟ್ಟಿ ಹಿಡಿದು ನಿಂತ ನನಗೇ ಕೇಳಿತು. ಇವರು ಮೋಟಾರಿನ ಹಿಡಿ ಬಿಡಲಿಲ್ಲ. ಎರಡನೇ ಸಲ ಕೂಗಿದ. ಹಿಂದಿನಿಂದ ಅಲೆ ಮನೆಯೆತ್ತರ ಏಳುತ್ತಿತ್ತು. ಕೊನೆಗೆ ಅವನು ನೀರು ಮೊಗೆಯುವ ಡಬ್ಬಿಯನ್ನೇ ಬೀಸಿ ಎಸೆದ, ಅದು ಎದೆಗೆ ಬಡಿಯಿತು, ಆಗ ಎತ್ತಿದರು. ದೋಣಿ ಅಡ್ಡ ತಿರುಗಿ ಹೇಗೋ ದಡ ಸೇರಿತು. "ನಿದ್ದೆ ಮಾಡ್ತಿದ್ರಾ ಭಾವಾ?" ಎಂದು ಜೆಲಾಸ್ಟಿನ್ ರೇಗಿದ. ಇವರು ನಕ್ಕುಬಿಟ್ಟರು. ಆ ನಗು ನೋಡಿದವಳು ನಾನು. ಅವರಿಗೂ ಭಯ ಆಗಿದೆ ಮಾವಾ, ನನಗಿಂತ ಹೆಚ್ಚು.

ಯಾರಿಗೆ ಹೇಳಲಿ? ಅತ್ತೆ ಇದ್ದಿದ್ದರೆ ಅವರ ಮಡಿಲಲ್ಲಿ ಮುಖ ಇಟ್ಟು ಹೇಳುತ್ತಿದ್ದೆ. ಜೆಲಾಸ್ಟಿನ್‌ಗೆ ಹೇಳಿದರೆ ಸಂಜೆಗೆ ದಡಕ್ಕೆಲ್ಲ ಗೊತ್ತು. ಹತ್ತೊಂಬತ್ತನೇ ವಯಸ್ಸಿನಿಂದ ಮೋಟಾರ್ ಹಿಡಿದ ಮನುಷ್ಯನನ್ನು ಕಿವುಡ ಎಂದು ಅದರಿಂದ ಎಬ್ಬಿಸಿದರೆ ಅವರು ಬದುಕಿಯೂ ಸತ್ತ ಹಾಗೆ. ಹೇಳದಿದ್ದರೆ ದೋಣಿಯಲ್ಲಿರುವ ನಾಲ್ಕು ಜನ ನಿಜವಾಗಿ ಸಾಯುತ್ತಾರೆ, ಅದರಲ್ಲಿ ಇಬ್ಬರು ನನ್ನವರು. ನೀವು ಕರಿಯದು ಎಂದು ಬರೆದರೆ ಇವರ ಕೈಗೆ ಮೋಟಾರ್ ಬದುಕಿದೆಯೋ ಸತ್ತಿದೆಯೋ ತಿಳಿಯುವುದಿಲ್ಲ. ನೀಲಿಯದು ಎಂದು ಬರೆದರೆ ಅದರ ನಡುಕ ನಂಬಿಕೊಂಡು ಇನ್ನೂ ಒಂದು ವರ್ಷ ಮುಚ್ಚಿಡುತ್ತಾರೆ, ಎತ್ತು ಎನ್ನುವ ಮಾತು ಅಂಗೈಗೆ ಕೇಳುತ್ತದೆಯೇ? ದಿನಾ ಬೆಳಗ್ಗೆ ದೋಣಿ ಅಲೆ ದಾಟುವವರೆಗೆ ನನಗೆ ಉಸಿರಿಲ್ಲ, ದಿನಾ ಮಧ್ಯಾಹ್ನ ಅದು ತಿರುಗಿ ಬರುವಾಗ ಕಣ್ಣು ಬಿಡಲು ಧೈರ್ಯವಿಲ್ಲ. ನೀವು ಮೊದಲು ನನ್ನ ಅಮ್ಮನ ತಮ್ಮ, ಆಮೇಲೆ ನನ್ನ ಗಂಡನ ಅಪ್ಪ. ಆ ಸಲಿಗೆಯಿಂದ ಬರೆದಿದ್ದೇನೆ.

ಲಿಲ್ಲಿ ಅತ್ತಿಗೆಗೆ, ಭಾವನಿಗೆ ನನ್ನ ನೆನಪು ಹೇಳಿ. ಮಾತೆ ಮರಿಯಮ್ಮ ನಿಮ್ಮ ಕಾಲಿಗೂ ನಮ್ಮ ದೋಣಿಗೂ ಆಸರೆಯಾಗಲಿ.

ನಿಮ್ಮ ಸೊಸೆ,
ಫ್ಲೋರಿ

ತಾ.ಕ.: ಕವರಿನಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ನೀಲಿ ಮೋಟಾರಿನ ಫ್ಯಾನಿನ ಪಿನ್ನು, ಒಂದು ಹಾಕಿದ್ದದ್ದು, ಇನ್ನೊಂದು ಹೆಚ್ಚಿಗೆ ಇರಲಿ ಎಂದು ಏಜೆಂಟ್ ಕೊಟ್ಟಿದ್ದದ್ದು. ಅದಿಲ್ಲದೆ ಫ್ಯಾನು ತಿರುಗುವುದಿಲ್ಲ. ಈ ದಡದಲ್ಲಿ ಬೇರೆ ನೀಲಿ ಮೋಟಾರಿಲ್ಲ, ಕರಿಯದರ ಪಿನ್ನು ಇದಕ್ಕೆ ಕೂರುವುದಿಲ್ಲ. ಉಪ್ಪು ತೊಳೆಯಲು ಬಿಚ್ಚಿದಾಗ ಅಂಗಳದ ಮರಳಿನಲ್ಲಿ ಕಳೆದೆ ಎಂದು ಹೇಳಿದ್ದೇನೆ. ಈ ಶನಿವಾರ ಏಜೆಂಟ್ ಬರುವವರೆಗೆ ದೋಣಿ ಇಳಿಯುವುದಿಲ್ಲ. ಅದರೊಳಗೆ ನೀವು ತಂತಿ ಕೊಡಿ: ಕಾಲು ನೋವು ಜೋರಾಗಿದೆ, ಸ್ಟೆಲ್ಲಸ್ ಕೂಡಲೇ ಬರಲಿ ಎಂದು. ಸುಳ್ಳಿನ ಪಾಪ ನನ್ನ ತಲೆಗಿರಲಿ, ಪಾಪನಿವೇದನೆಯಲ್ಲಿ ನಾನೇ ಹೇಳಿಕೊಳ್ಳುತ್ತೇನೆ. ಅಲ್ಲಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇನ್ನು ಮುಂದೆ ಜೆಲಾಸ್ಟಿನ್ ಮೋಟಾರ್ ಹಿಡಿಯಲಿ ಎನ್ನುವ ಮಾತು ನಿಮ್ಮ ಬಾಯಿಂದಲೇ ಬರಬೇಕು, ನಿಮ್ಮೆದುರು ಮಾತ್ರ ಅವರು ಅತ್ತಾರು. ಈಗ ಇವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಜರಡಿಯಲ್ಲಿ ಮರಳು ಸೋಸುತ್ತಿದ್ದಾರೆ. ಬೆಳಗಿನಿಂದ ಅದೇ ಕೆಲಸ. ಒಂದು ಬೈಗುಳವಿಲ್ಲ. "ಸಿಗುತ್ತೆ ಬಿಡೇ ಫ್ಲೋರಿ, ನೀನ್ ಹೆದರ್ಬೇಡ" ಎನ್ನುತ್ತಾರೆ, ಮತ್ತೆ ಸೋಸುತ್ತಾರೆ. ಬೇಗ ತಂತಿ ಕೊಡಿ ಮಾವಾ.