ಬಲಗಡೆಯ ಹಲಗೆಗಳು

ಬೋಪೋಡಿ, ಪುಣೆ
೪ ಫೆಬ್ರುವರಿ ೨೦೨೬, ಬುಧವಾರ ಮಧ್ಯಾಹ್ನ

ನನ್ನ ಮುದ್ದಿನ ಕೇತಕೀ,

ಹೇಗಿದ್ದೀ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ತಾನೇ? ಪಾಳಿ ಮುಗಿಸಿ ಮಲಗಿದರೆ ನಿದ್ದೆ ಬರುತ್ತದೆಯೇ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಅದು ಹೋಯಿತೇ? ಇಲ್ಲಿ ನಾವಿಬ್ಬರೂ ಆರಾಮ. ನೋಡು, ಆರಾಮ ಎಂದು ಬರೆದೇಬಿಟ್ಟೆ, ಕೈಗೆ ರೂಢಿಯಾದ ಮಾತು. ನಿಮ್ಮಮ್ಮ ಆರಾಮಾಗಿದ್ದಾಳೆ. ನನಗೆ ಹೆದರಿಕೆಯಾಗಿದೆ, ಭಾಳ ಹೆದರಿಕೆ. ಈ ಪತ್ರವನ್ನು ನಿನ್ನ ಜೊತೆಯ ಪ್ರಣವ ತರುತ್ತಾನೆ. ಅವನು ನಾಡಿದ್ದು ಮುಂಬಯಿಯಿಂದ ಹೊರಟು, ನಿಮ್ಮ ಹಡಗು ಆ ಸಮುದ್ರ ದಾಟಿ ನಿಲ್ಲುವ ಬಂದರಿನಲ್ಲಿ ಅದನ್ನೇ ಹತ್ತಿ ಕೆಲಸಕ್ಕೆ ಸೇರುತ್ತಾನಂತೆ. ಅಂದರೆ ಇದು ನಿನ್ನ ಕೈಯಲ್ಲಿದ್ದರೆ ನೀನು ದಾಟಿದ್ದೀ ಎಂದೇ ಅರ್ಥ. ಅದಕ್ಕೇ ಪತ್ರ ಬರೆಯಲು ಕೂತೆ. ಫೋನಿಗೆ ಮೆಸೇಜು ಕಳಿಸಿದರೆ ಅದರ ಕೆಳಗೆ ಒಂಟಿ ಟಿಕ್ ಬಿದ್ದು ಹಾಗೇ ಕೂತಿರುತ್ತದೆ, ಅದನ್ನು ನೋಡುವುದು ನನ್ನಿಂದಾಗದು.

ಹೋದ ವಾರ ನೀನು ಏನೆಂದೆ? "ಅಪ್ಪಾ, ಕೆಂಪು ಸಮುದ್ರದ ದಾರಿನೇ ಹಿಡೀರಿ ಅಂತ ಆರ್ಡರ್ ಬಂದದ. ಸಿಗ್ನಲ್ ಬಂದ್ ಮಾಡಿ ಹೋಗ್ತೀವಿ, ಫೋನೂ ಇರಂಗಿಲ್ಲ. ನೀ ಗಟ್ಟಿ ಇದ್ದಿ ಅಂತ ಹೇಳೀನಿ, ಅಮ್ಮಗ ಹೇಳಬ್ಯಾಡ." ಗಟ್ಟಿಯಂತೆ ಗಟ್ಟಿ! ಯಾರು ಹೇಳಿದರು ತಾಯಿ ನಿನಗೆ? ಖಡಕಿಯ ಕಾರ್ಖಾನೆಯಲ್ಲಿ ತೋಪಿನ ಗುಂಡುಗಳ ನಡುವೆ ನೌಕರಿ ಮಾಡಿದವನು ಎಂದು ಹಾಗಂದೆಯೋ ಏನೋ. ಅವುಗಳನ್ನು ಅಳೆದು ಪಾಸು ಮಾಡಿದವನಿಗೆ ಅವು ಏನು ಮಾಡುತ್ತವೆ ಎಂಬುದು ಉಳಿದವರಿಗಿಂತ ಹೆಚ್ಚು ಗೊತ್ತಿರುತ್ತದೆ. ಹಡಗುಗಳನ್ನು ತೋರಿಸುವ ಆ ಆ್ಯಪಿನಲ್ಲಿ ನಿಮ್ಮ ಹಸಿರು ಚುಕ್ಕೆ ಶನಿವಾರ ಮಾಯವಾಯಿತು. ಮಾಯವಾಗುತ್ತದೆ ಎಂದು ನೀನೇ ಹೇಳಿದ್ದೆ. ಆದರೂ ಆಗಿನಿಂದ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಳ ಬಿಟ್ಟು, ಫೋನು ನೋಡುತ್ತೇನೆ. ಬರೀ ನೀಲಿ ನೀರು ಕಾಣುತ್ತದೆ. ಅಪರಿಚಿತ ನಂಬರಿನಿಂದ ಕರೆ ಬಂದರೆ ನಿಮ್ಮ ಕಂಪನಿಯವರ ಕೆಟ್ಟ ಸುದ್ದಿಯೇ ಎಂದುಕೊಂಡು ಎತ್ತುತ್ತೇನೆ. ನಿನ್ನೆ ಒಬ್ಬಳು ಕ್ರೆಡಿಟ್ ಕಾರ್ಡ್ ಬೇಕೇ ಎಂದು ಮರಾಠಿಯಲ್ಲಿ ಕೇಳಿದಳು. ಅವಳಿಗೆ "ದೇವರು ನಿಮಗ ಛಲೋ ಮಾಡ್ಲಿ" ಎಂದು ಕನ್ನಡದಲ್ಲಿ ಹೇಳಿ ಇಟ್ಟೆ.

ನಿಮ್ಮಮ್ಮನಿಗೆ ಇದರ ಸುಳಿವೇ ಇಲ್ಲ. ಟೀವಿಯಲ್ಲಿ ಆ ದಾರಿಯ ಹಡಗುಗಳಿಗೆ ಕ್ಷಿಪಣಿ ಹೊಡೆಯುವ ಸುದ್ದಿ ಬಂದರೆ ನಾನು ರಿಮೋಟು ಕಸಿದು ಧಾರಾವಾಹಿ ಹಚ್ಚುತ್ತೇನೆ. ಒಂದು ಕಾಲಕ್ಕೆ ಇದೇ ರಿಮೋಟಿಗಾಗಿ ಮನೆಯಲ್ಲಿ ಮಹಾಭಾರತ ನಡೆಯುತ್ತಿತ್ತು, ಈಗ ಪುಣ್ಯಾತ್ಗಿತ್ತಿ ತುಟಿ ಪಿಟಕ್ಕೆನ್ನದೆ ಕೂರುತ್ತಾಳೆ. ಭಾನುವಾರವಂತೂ ಇದ್ದಕ್ಕಿದ್ದಂತೆ, ಮೊಣಕಾಲು ನೋವು ಗೀವು ಎಲ್ಲ ಮರೆತು, ಕೆಳಗಿನ ಮನೆಯ ರಂಗೂಬಾಯಿಯ ಜೊತೆ ಜೇಜುರಿಯ ಗುಡ್ಡದ ಗುಡಿಗೆ ಹೋಗಿ ಅಷ್ಟೂ ಮೆಟ್ಟಿಲು ಹತ್ತಿ ಬಂದಳು. ಹಣೆ ತುಂಬ ಭಂಡಾರ, ಸೀರೆಯೆಲ್ಲ ಅರಿಸಿನ. ಏನಿದು ಹೊಸದು ಎಂದು ಕೇಳಿದರೆ "ಸುಮ್ಮನ ಹೋಗಿದ್ದೆ" ಎಂದಳು. ನನಗೆ ಹೊಟ್ಟೆಕಿಚ್ಚಾಯಿತು ನೋಡು. ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ, ಈಕೆಗೆ ಊರು ತಿರುಗುವ ಹುರುಪು!

ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎಂದು, ನನ್ನ ನಿವೃತ್ತಿಗೆ ನೀನು ತಂದುಕೊಟ್ಟ ಆ ಕಟ್ಟಿಗೆಯ ಹಡಗಿನ ಪೆಟ್ಟಿಗೆಯನ್ನು ಕಪಾಟಿನ ಮೇಲಿಂದ ಇಳಿಸಿದೆ. ಬೆನ್ನೆಲುಬಿನಂಥ ಉದ್ದ ಹಲಗೆ, ಅದಕ್ಕೆ ಅಡ್ಡಡ್ಡ ಪಕ್ಕೆಲುಬುಗಳು, ಅಲ್ಲಿಯವರೆಗೆ ಸಲೀಸಾಗಿ ಆಯಿತು. ಆಮೇಲೆ ಅದರ ಮೈ ಮುಚ್ಚಬೇಕಲ್ಲ, ಅದಕ್ಕೆ ಬೆರಳಿನಷ್ಟೂ ಅಗಲವಿಲ್ಲದ ತೆಳು ಹಲಗೆಗಳಿವೆ. ಪರಾತದಲ್ಲಿ ಬಿಸಿನೀರು ಹಾಕಿ ಅವುಗಳನ್ನು ನೆನೆಸಿ, ಮೆತ್ತಗಾದ ಮೇಲೆ ಬಾಗಿಸಿ, ಅಂಟು ಸವರಿ, ನಿಮ್ಮಮ್ಮನ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿದೆ. ಬಿಗಿಯುವುದಕ್ಕೆ ಮೊದಲು ಆದದ್ದನ್ನು ಹೇಳುತ್ತೇನೆ. ಮೊದಲನೇ ಹಲಗೆ ಎತ್ತಿ ಎಡಗಡೆ ಹಿಡಿದಿದ್ದೆ, ನಿಮ್ಮಮ್ಮ ಅಡಿಗೆಮನೆಯಿಂದ ಓಡಿ ಬಂದಳು. "ಎಡಕ್ಕ ಶುರು ಮಾಡ್ತೀರೇನ್ರಿ? ಮಗಳು ನೀರಿನ ಮ್ಯಾಲಿದಾಳ. ಬಲಕ್ಕ ಹಚ್ಚರಿ." ಬಲಗಡೆಗೆ ಕುಂಕುಮವನ್ನೂ ಇಟ್ಟಳು. ಬೇರೆ ದಿನವಾಗಿದ್ದರೆ ನಾನು ಅವಳಿಗೆ ವಿಜ್ಞಾನದ ಪಾಠ ಮಾಡುತ್ತಿದ್ದೆ. ಎಡಗಾಲಿಟ್ಟು ಮನೆ ಹೊಕ್ಕರೆ ಏನಾಗುತ್ತದೆ ಎಂದು ಬೇಕಂತಲೇ ಎಡಗಾಲಿಟ್ಟು ಬರುತ್ತಿದ್ದವನು ನಾನು, ನಿನಗೇ ಗೊತ್ತು. ಅವತ್ತು ಬಾಯಿ ಬಿಡಲು ಧೈರ್ಯವಾಗಲಿಲ್ಲ. ಬಲಕ್ಕೇ ಹಚ್ಚಿದೆ.

ಒಂದು ಹಚ್ಚಿ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಬಲಕ್ಕೊಂದು ಹಚ್ಚಿದರೆ ಎಡಕ್ಕೊಂದು ಹಚ್ಚಬೇಕು, ಎರಡೂ ಕಡೆಯ ಎಳೆತ ಸಮ ಇರಬೇಕು ಎಂದು ಪೆಟ್ಟಿಗೆಯೊಳಗಿನ ಚಿತ್ರದಲ್ಲೇ ತೋರಿಸಿದ್ದಾರೆ. ನಾನೂ ನೋಡಿದ್ದೆ. ಆದರೆ ಎರಡನೆಯದನ್ನು ಎಡಕ್ಕೆ ಹಿಡಿದಾಗ ಕೈ ಹಿಂದೆ ಸರಿಯಿತು. ಬಲಗಡೆಯದು ಪೂರಾ ಆಗಿಬಿಡಲಿ, ಅಷ್ಟರಲ್ಲಿ ಕೇತಕಿ ದಾಟಿರುತ್ತಾಳೆ, ಆಮೇಲೆ ಎಡಗಡೆ ನೋಡೋಣ ಎಂದುಕೊಂಡೆ. ನಿನ್ನ ಅಪ್ಪ ಹೀಗೆ ಯೋಚಿಸಿದ, ನಗಬೇಡ. ಬಲಗಡೆಯ ಹಲಗೆಗಳನ್ನೆಲ್ಲ ಹಚ್ಚಿ ಮುಗಿಸಿದೆ. ಇವತ್ತು ಮುಂಜಾನೆ ಕ್ಲಿಪ್ಪು ತೆಗೆದು ನೋಡುತ್ತೇನೆ, ಬೆನ್ನೆಲುಬೇ ಬಲಕ್ಕೆ ಬಾಗಿ ಹಡಗು ಬಾಳೆಹಣ್ಣಾಗಿದೆ! ಕೂದಲೆಳೆಯಷ್ಟು ಸೊಟ್ಟಗಿದ್ದ ಗುಂಡನ್ನೂ ವಾಪಸು ಕಳಿಸುತ್ತಿದ್ದ ಮನುಷ್ಯ ನಾನು, ನಾಚಿಕೆಯಾಗಬೇಕು ನನಗೆ.

ಇನ್ನು ಒಂದೇ ದಾರಿ. ಬಿಸಿನೀರಿನ ಅರಿವೆ ಹಾಕಿ ಅಂಟು ಸಡಿಲಿಸಿ, ಬಲಗಡೆಯದನ್ನೆಲ್ಲ ಕಿತ್ತು ಮೊದಲಿನಿಂದ ಹಚ್ಚಬೇಕು. ಹೆಚ್ಚು ತಡ ಮಾಡಿದರೆ ಅಂಟು ಕಲ್ಲಾಗುತ್ತದೆ. ಗೊತ್ತಿದೆ. ಆದರೆ ಮುಂಜಾನೆಯಿಂದ ಚಾಕು ಹಿಡಿದು ಕೂತಿದ್ದೇನೆ. ನೀನು ಎಲ್ಲೋ ಆ ಇಕ್ಕಟ್ಟಿನ ನೀರಿನಲ್ಲಿ ದೀಪ ಆರಿಸಿಕೊಂಡು ಹೋಗುತ್ತಿರುವಾಗ ನಾನು ಇಲ್ಲಿ ಒಂದು ಹಡಗಿನ ಹಲಗೆ ಕೀಳುವುದೇ? ಇದು ಆಟಿಕೆ, ಅದು ಉಕ್ಕಿನದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಗದರಿಸಿಕೊಂಡೆ. ಕೈ ಕೇಳುತ್ತಿಲ್ಲ. ಆದರೂ ಕೀಳುತ್ತೇನೆ. ಪತ್ರ ಮುಗಿಸಿದ ಕೂಡಲೇ ಕೀಳುತ್ತೇನೆ. ಇಂಥದಕ್ಕೆ ಹೆದರುತ್ತಾ ಕೂತರೆ ನಾಳೆ ಬೆಕ್ಕು ಅಡ್ಡ ಬಂದರೂ ಮನೆ ಬಿಟ್ಟು ಹೊರಡಲಾರೆ.

ಪ್ರಣವನ ಕೈಯಲ್ಲಿ ಶೇಂಗಾ ಚಟ್ನಿಪುಡಿ, ಕರದಂಟು ಕಳಿಸಿದ್ದೇವೆ, ಎಲ್ಲರಿಗೂ ಹಂಚಿ ಬರಿಗೈಯಾಗಬೇಡ. ಗಾಳಿಗೆ ಕಿವಿ ಮುಚ್ಚಿಕೋ. ನಾನು ಹೆದರಿದ್ದನ್ನು ನಿಮ್ಮಮ್ಮನಿಗೆ ಎಂದೂ ಹೇಳಬೇಡ. ದಡ ಯಾವುದೇ ಇರಲಿ, ನೀನು ಅದಕ್ಕೆ ಕಾಲಿಟ್ಟ ಸುದ್ದಿಯೊಂದು ಬರಲಿ, ನನ್ನ ಆಯುಷ್ಯವೂ ನಿನಗಿರಲಿ.

ನಿನ್ನ ಅಪ್ಪ,
ಅವಧೂತ

ತಾ.ಕ.: ಪ್ರಣವ ಕೆಳಗೆ ಬಂದು ಹಾರ್ನ್ ಹಾಕುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪತ್ರ ಮಡಿಸಿಟ್ಟು ಬಿಸಿನೀರು ತಂದು ಮೊದಲನೇ ಹಲಗೆಗೆ ಚಾಕು ಹಚ್ಚಿದೆ, ನಿಮ್ಮಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ. ಆಕಿ ಆ ಸಮುದ್ರ ದಾಟೂ ತನಕ ಕೀಳಬ್ಯಾಡ್ರಿ." ಯಾವ ಸಮುದ್ರ, ಭಾಮಾ, ನಿನಗ ಯಾರು ಹೇಳಿದ್ರು ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. "ಆಕಿನೇ ಹೇಳ್ಯಾಳ್ರಿ. ಅಮ್ಮಾ, ನೀ ಗಟ್ಟಿ ಇದ್ದಿ, ಅಪ್ಪಗ ಹೇಳಬ್ಯಾಡ ಅಂದಾಳ." ಕಳ್ಳಿ! ಇಬ್ಬರಿಗೂ ಅದೇ ಮಾತು! ಜೇಜುರಿಯ ಮೆಟ್ಟಿಲು ಯಾಕೆ ಹತ್ತಿದಳು ಎಂದು ಈಗ ತಿಳಿಯಿತು. ನಾನು ಬಚ್ಚಲಲ್ಲಿ, ಅವಳು ಅಡಿಗೆಮನೆಯಲ್ಲಿ, ಇಷ್ಟು ದಿನ ಬೇರೆ ಬೇರೆಯಾಗಿ ಹೆದರಿ ಸತ್ತೆವು. ಇನ್ನು ಮೇಲೆ ಏನಿದ್ದರೂ ಇಬ್ಬರನ್ನೂ ಕೂಡಿಸಿ ಹೇಳು. ಈಗ ನನ್ನ ಫೋನು ನಮ್ಮಿಬ್ಬರ ನಡುವೆ ಹಾಸಿಗೆಯ ಮೇಲಿದೆ, ನೀರು ಇನ್ನೂ ಬರೀ ನೀಲಿಯೇ ಇದೆ. ಹಡಗು ಸೊಟ್ಟಗೇ ಇದೆ. ಅಂಟು ಕಲ್ಲಾದರೆ ಆಗಲಿ, ನಾವಿಬ್ಬರೂ ಅದಕ್ಕೆ ಕೈ ಹಚ್ಚುವುದಿಲ್ಲ. ನೀನೇ ಬಂದು ಕೀಳು.