ಬೀಸುವುದಕ್ಕೊಂದು ಹಗ್ಗ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ರೀ,

ಕರೆಯುವ ಹಾಗೆಯೇ ಬರೆದಿದ್ದೇನೆ, ನಗಬೇಡಿ. ಹೇಗಿದ್ದೀರಿ? ಎಂಜಿನ್ ರೂಮಿನ ಸೆಖೆಗೆ ಕುತ್ತಿಗೆ ತುಂಬ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಾ, ಅಥವಾ ಪಾಳಿ ಮುಗಿದ ಮೇಲೆ ಬಿಸ್ಕತ್ತು ತಿಂದು ಮಲಗುವ ಹಳೇ ಚಾಳಿಯೇ? ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮಂಡಿ ನೋವು ಅನ್ನುತ್ತಾರೆ, ಆದರೆ ಎದುರು ಮನೆಯಲ್ಲಿ ಜಗಳ ಶುರುವಾದರೆ ನನಗಿಂತ ಮೊದಲು ಕಿಟಕಿ ಸೇರುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಇಷ್ಟು ಬರೆಯುವಷ್ಟರಲ್ಲೇ ಒಮ್ಮೆ ಒಲೆ ಆರಿಸಿದ್ದೇನೋ ಇಲ್ಲವೋ ನೋಡಲು ಎದ್ದೆ, ಒಮ್ಮೆ ನಲ್ಲಿ ನೋಡಲು ಎದ್ದೆ, ಇನ್ನೊಮ್ಮೆ ಯಾಕೆ ಎದ್ದೆನೋ ಅದೇ ಮರೆತುಹೋಯಿತು.

ಇದೆಲ್ಲ ಶುರುವಾಗಿದ್ದು ನಿಮ್ಮ ಆ ಫೋನಿನಿಂದ. ಇನ್ನೊಂದು ವರ್ಷ ಹಡಗಿನಲ್ಲೇ ಇರಿ ಎಂದು ಕಂಪನಿಯವರು ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು, ಬೇಡವೆಂದರೆ ಬಂದು ಇಲ್ಲಿಯ ವರ್ಕ್‌ಶಾಪಿಗೆ ಸೇರಬಹುದು, ಏನು ಮಾಡಲಿ ಎಂದಿರಿ. ಅತ್ತೆ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿದ್ದರು. ನಾನು "ನಿಮ್ಮಿಷ್ಟ" ಎಂದೆ. ಅವರನ್ನು ಕೇಳಿದಿರಿ, ಅವರೂ "ನಿನ್ನಿಷ್ಟ ಕಣಪ್ಪಾ" ಎಂದರು. ನೀವು "ನಿಮ್ಮಿಬ್ಬರ ಇಷ್ಟ" ಎಂದು ಫೋನಿಟ್ಟಿರಿ. "ಹಗ್ಗ ಹರೀಲಿಲ್ಲ, ಕೋಲು ಮುರೀಲಿಲ್ಲ" ಎಂದು ಗೊಣಗಿಕೊಳ್ಳುತ್ತ ಅತ್ತೆ ಒಳಗೆ ಹೋದರು. ಅಂದಿನಿಂದ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಕದ ಫ್ರೇಮಿಗೆ ಗಾಜು ಕೂರಿಸುತ್ತ ಕೂತರೆ ಮೇಜಿನ ಕೆಳಗೆ ಮಂಡಿ ಕುಣಿಯುತ್ತದೆ. ಸಾಸಿವೆಗಿಂತ ಚಿಕ್ಕ ಸ್ಕ್ರೂ ಕೈಜಾರಿ ನೆಲಕ್ಕೆ, ಅದರ ಹಿಂದೆ ನಾನು ಮೇಜಿನಡಿಗೆ. "ಇವತ್ತು ಮೇಜಿನ ಮೇಲೆ ಕೆಲಸ ಮಾಡೋ ಯೋಚನೆ ಏನಾದ್ರೂ ಇದೆಯೇನಮ್ಮಾ?" ಎಂದು ಮಾಲೀಕರು ಕೇಳುವ ಮಟ್ಟಕ್ಕೆ ಬಂದಿದೆ.

ಕನ್ನಡಕ ರಿಪೇರಿಗೆ ಬಂದಿದ್ದ ಒಬ್ಬ ಪಿ.ಟಿ. ಟೀಚರ್ ನನ್ನ ಈ ಅವತಾರ ನೋಡಿದರು. "ಸುಮ್ನೆ ಕೂತ್ಕೊಳ್ಳಿ ಅಂತ ನಿಮಗೆ ಹೇಳಿ ಪ್ರಯೋಜನ ಇಲ್ಲ, ಬನ್ನಿ" ಎಂದು ಅಂಗಡಿಯ ಹಿತ್ತಲಿಗೆ ಕರೆದುಕೊಂಡು ಹೋಗಿ ಚೀಲದಿಂದ ದಪ್ಪನೆಯ ಹಗ್ಗ ತೆಗೆದರು. ಚಿಕ್ಕ ಹುಡುಗಿಯರ ಹಾಗೆ ಹಾರುವುದಲ್ಲ ರೀ. ಎರಡು ತುದಿ ಎರಡು ಕೈಯಲ್ಲಿ ಹಿಡಿದರೆ, ಹಗ್ಗದ ನಡುಭಾಗ ಮೈಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ ಬರಬೇಕು. ಮೊಣಕಾಲು ಸಡಿಲವಾಗಿರಬೇಕು, ಸೊಂಟ ತಿರುಗಬೇಕು, ಉಸಿರು ಹಗ್ಗದ ಜೊತೆಗೇ ಹೋಗಿ ಬರಬೇಕು. ಗಮನ ಆಚೀಚೆ ಹೋಯಿತೋ, ಹಗ್ಗ ಬಂದು ಕಿವಿಗೆ ಒಂದು ಬಿಡುತ್ತದೆ. ಇದಕ್ಕೆ ರೋಪ್ ಫ್ಲೋ ಎನ್ನುತ್ತಾರಂತೆ. ನನಗೆ ಹಿಡಿಸಿಬಿಟ್ಟಿತು.

ನನ್ನದೇ ಒಂದು ಇರಲಿ ಎಂದು ಅಂದೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಹಗ್ಗ ಯಾವುದಕ್ಕಮ್ಮಾ? ಬಟ್ಟೆ ಒಣಗಿಸೋಕಾ, ಸಾಮಾನು ಕಟ್ಟೋಕಾ?" ಎಂದರು ಅಂಗಡಿಯವರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಮನಸ್ಸಿಗೆ ನೆಮ್ಮದಿ ಇಲ್ಲ, ಅದಕ್ಕೊಂದು ಹಗ್ಗ ಬೇಕಿತ್ತು. ದಪ್ಪಂದೇ ಕೊಡಿ." ಆತನ ಮುಖ ಬಿಳಿಚಿಕೊಂಡಿತು. ಹಗ್ಗ ಖಾಲಿ ಎಂದರು, ಗೋಡೆ ತುಂಬ ಹಗ್ಗದ ಸುರುಳಿಗಳು ನೇತಾಡುತ್ತಿವೆ! ಒಳಗಿನಿಂದ ಹೆಂಡತಿಯನ್ನು ಕೂಗಿದರು. ಆಕೆ ನನ್ನನ್ನು ಬಣ್ಣದ ಡಬ್ಬದ ಮೇಲೆ ಕೂರಿಸಿ, ನೀರು ಕೊಟ್ಟು, ಎರಡೂ ಕೈ ಹಿಡಿದುಕೊಂಡು "ಎಂಥಾ ಕಷ್ಟ ಬಂದ್ರೂ ಕಳೆದುಹೋಗುತ್ತೆ ತಂಗೀ" ಎಂದಾಗಲೇ ನನ್ನ ಮಾತಿಗೆ ಅವರು ಮಾಡಿಕೊಂಡ ಅರ್ಥ ಹೊಳೆದದ್ದು. ಅಯ್ಯೋ, ನನ್ನ ನಾಲಿಗೆಯೇ! ನಗು ಉಕ್ಕಿ ಬಂತು. ಅಷ್ಟರಲ್ಲಿ ಆಕೆ "ನಿಮ್ಮ ಯಜಮಾನ್ರು ಎಲ್ಲಿದ್ದಾರೆ?" ಎಂದು ಕೇಳಿಬಿಟ್ಟರು. ಹಡಗಿನಲ್ಲಿ ಎನ್ನಲು ಬಾಯಿ ತೆರೆದವಳು ಅಷ್ಟು ಗಿರಾಕಿಗಳ ನಡುವೆ ನಾಚಿಕೆ ಬಿಟ್ಟು ಅತ್ತೆ. (ನಿಮ್ಮಮ್ಮ ಅಲ್ಲ, ಅವರು ಮನೆಯಲ್ಲಿದ್ದರು. ಅತ್ತದ್ದು ನಾನು.) ಕೊನೆಗೆ ಅವರ ಹಗ್ಗದಲ್ಲೇ ಬೀಸಿ ತೋರಿಸಿ, ನೇತುಹಾಕಿದ್ದ ಬ್ರಷ್ಷುಗಳನ್ನೆಲ್ಲ ಕೆಡವಿದ ಮೇಲೆ ನಂಬಿಕೆ ಬಂದು ಕೊಟ್ಟರು.

ಮನೆಗೆ ಬಂದರೆ ಅತ್ತೆ ನನಗೂ ಕಲಿಸು ಎಂದು ಕೂತರು. ಗಾಳಿಯಲ್ಲಿ ಎಂಟು ಬರೆಯಿರಿ ಎಂದೆ, ಟೀಚರ್ ನನಗೆ ಹೇಳಿದ ಹಾಗೆ. ಅವರಿಗೆ ಎಂಟು ಎಂದರೆ ಕನ್ನಡದ ೮. ಅದರ ಬಾಲ ಎಳೆಯಲು ಹೋಗಿ ಹಗ್ಗ ಕಾಲಿಗೇ ಸುತ್ತಿಕೊಂಡು ಧೊಪ್ಪೆಂದು ಸೋಫಾದ ಮೇಲೆ ಕೂತರು. ಆ ಎಂಟಲ್ಲ ಅತ್ತೆ, ಇಂಗ್ಲಿಷ್ ಎಂಟು ಎಂದರೆ, "ಮೊದಲೇ ಹೇಳೋಕೆ ಏನಾಗಿತ್ತು? ನೀನು ಬಾಯಿ ಬಿಡದೆ ಇದ್ರೆ ಎದುರಿನೋರಿಗೆ ಹೇಗೆ ಗೊತ್ತಾಗ್ಬೇಕು?" ಎಂದು ಬೈದರು. ಈಗ ದಿನಾ ಬೆಳಿಗ್ಗೆ ಸರದಿಯ ಮೇಲೆ ಬೀಸುತ್ತೇವೆ. ನನ್ನ ಭುಜದ ಬಿಗಿತ ಇಳಿದಿದೆ, ನಿದ್ದೆ ಬರುತ್ತಿದೆ. ಬೀಸುವಷ್ಟು ಹೊತ್ತು ಹಡಗೂ ಇಲ್ಲ, ಸಹಿಯೂ ಇಲ್ಲ. ಹಗ್ಗವನ್ನು ಮೊಳೆಗೆ ನೇತುಹಾಕಿದೆನೋ, ಮತ್ತೆ ಕಾಲು ಕುಣಿಯಲು ಶುರು. ಟೀಚರಿಗೆ ಹೇಳಿದರೆ, "ಹಗ್ಗ ಮೈ ಸಡಿಲ ಮಾಡುತ್ತೆ. ನಿಮ್ಮನೆ ಮಾತುಕತೆ ನೀವೇ ಮುಗಿಸ್ಕೋಬೇಕು" ಎಂದರು.

ನಿಮ್ಮ ಜೊತೆಯ ಫಿಟ್ಟರ್ ರಜೆ ಮುಗಿಸಿ ಇವತ್ತೇ ಹಡಗಿಗೆ ಹೊರಟಿದ್ದಾರೆ. ಬೆವರುಸಾಲೆಯ ಪೌಡರ್ ಮತ್ತು ಎರಡು ಬನಿಯನ್ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬಿಸ್ಕತ್ತಿನ ವಿಷಯಕ್ಕೆ ಎರಡು ಬೈಗುಳ. ಮೈ ಕಡೆ ನಿಗಾ ಇರಲಿ.

ಒಂದು ಕಡೆ ನಿಲ್ಲಲಾರದ
ನಿಮ್ಮ ಪಾದರಸ

ತಾ.ಕ.: ಫಿಟ್ಟರ್ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಂಟಿಸಿದ್ದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಮತ್ತೆ ಧೈರ್ಯ ಬಾರದು. ರೀ, ಬಂದುಬಿಡಿ. ಇನ್ನೊಂದು ವರ್ಷ ನನ್ನಿಂದಾಗದು. ಇದು ನನ್ನ ಇಷ್ಟ. ಅತ್ತೆ ಹೆಗಲ ಮೇಲಿಂದ ಓದಿ "ನಂದೂ ಸೇರಿಸು" ಎನ್ನುತ್ತಿದ್ದಾರೆ. ಇದು ತಲುಪುವ ಮೊದಲೇ ಸಹಿ ಹಾಕಿಬಿಟ್ಟಿದ್ದರೆ ಹರಿದುಹಾಕಿ. ಈ ಕಾಗದವನ್ನಲ್ಲ, ಅದನ್ನು.