ಹೊಸ್ತಿಲಲ್ಲಿ ನಿಸ್ಸಹಿ

ರೂತಕ್ಕಾ,

ಇವತ್ತು ರವಿವಾರ ರಾಯಬಾಗದ ನಿಮ್ಮ ಚರ್ಚಿನೊಳಗೆ ಹೋಗಿದ್ದೆ. ನೀನು ತೀರಿಕೊಂಡು ವರ್ಷವಾಯಿತಲ್ಲ, ನಿನ್ನ ನೆನಪಿನ ಪ್ರಾರ್ಥನೆ ಇತ್ತು.

ಬಸದಿಗೆ ಹೋಗುವ ರೂಢಿಯಂತೆ ಮುಷ್ಟಿಯಲ್ಲಿ ಅಕ್ಕಿ ಹಿಡಿದಿದ್ದೆ. ಬಸದಿಯೊಳಗೆ ಕಾಲಿಡುವಾಗ ಹೇಳುವ ಮಾತೇ ಹೊಸ್ತಿಲಲ್ಲಿ ಬಾಯಿಗೆ ಬಂತು: ನಿಸ್ಸಹಿ, ನಿಸ್ಸಹಿ, ನಿಸ್ಸಹಿ. ಬೆಂಚಿನಲ್ಲಿದ್ದ ಮುದುಕಿ ನನ್ನ ಬರಿಗಾಲು ನೋಡಿ, “ಚಪ್ಪಲ್ ಹಾಕ್ಕೊಂಡ ಬಂದ್ರೂ ನಡೀತೈತ್ರಿ,” ಅಂದಳು.

“ಇರ್ಲಿ ಬಿಡ್ರಿ,” ಅಂದೆ.

ಹಾಡು ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೊರಳಿತು. ಕಿಟಕಿಯ ನೀಲಿ ಗಾಜಿನ ಬೆಳಕು ಎಲ್ಲರ ಮೇಲೂ ಹೊಳೆನೀರಿನಂತೆ ಅಲುಗುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದೆ. ನೀನು ಪಕ್ಕದಲ್ಲೇ ಸಣ್ಣ ದನಿಯಲ್ಲಿ ಹಾಡುತ್ತಿದ್ದೀ ಅನಿಸಿ, ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಕಾಣಿಕೆಯ ಚೀಲ ಬಂದಾಗ ಏನೂ ತೋಚದೆ ಅಕ್ಕಿಯನ್ನೇ ಹಾಕಿದೆ. ಚೀಲ ಹಿಡಿದವರು ನಗಲಿಲ್ಲ, ತಲೆ ಬಾಗಿಸಿ ಮುಂದೆ ಹೋದರು.

ಪ್ರತಿ ಕ್ರಿಸ್‌ಮಸ್ಸಿಗೂ ನೀನು ನನಗೆಂದೇ ತತ್ತಿ ಹಾಕದೆ ಕೇಕ್ ಮಾಡಿ ತಂದು, “ಒಮ್ಮೆರೆ ಒಳಗ ಬಾ, ತ್ರಿಶಲಾ,” ಅನ್ನುತ್ತಿದ್ದೆ. ನಾನು ಚರ್ಚಿನ ಗೇಟಿನಲ್ಲೇ ನಿಂತು ಇಸಿದುಕೊಂಡು ಹೋಗುತ್ತಿದ್ದೆ.

ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ನನ್ನದೊಂದೇ ಜೊತೆ ಚಪ್ಪಲಿ. ನೀನು ನನ್ನೊಡನೆ ಬಸದಿಗೆ ಬರುತ್ತಿದ್ದ ದಿನಗಳಂತೆಯೇ, ಅದನ್ನು ಒಂದು ಬದಿಗೆ ಸರಿಸಿ, ನಿನ್ನ ಚಪ್ಪಲಿಗೆ ಜಾಗ ಬಿಟ್ಟಿದ್ದೆ.